ನಾಳೆಯಿಂದ ಬರೋದು ಬೇಡ: ಕರಾವಳಿಯ ಹೋಟೆಲ್ ಕೆಲಸಗಾರರ ಕೇಸು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ

ಕಾರವಾರದಿಂದ ಭಟ್ಕಳದವರೆಗೆ ಹೆಚ್ಚಿನ ಹೋಟೆಲುಗಳಲ್ಲಿ ಕೆಲಸ ಸಿಗುವುದೂ ಬಾಯಿಮಾತಲ್ಲಿ, ಹೋಗುವುದೂ ಬಾಯಿಮಾತಲ್ಲಿ. ಮೇ ಕೊನೆಗೆ ಮೋಡ ಕಟ್ಟಿದಾಗ, ಇಲ್ಲವೇ ಯಾವನೋ ಗಿರಾಕಿ ಬಿಲ್ಲಿನ ವಿಷಯಕ್ಕೆ ಗಲಾಟೆ ಮಾಡಿದ ರಾತ್ರಿ, ಗಲ್ಲಾದಲ್ಲಿ ಕೂತವರು "ನಾಳೆಯಿಂದ ಬರೋದು ಬೇಡ ಮಾರಾಯ" ಅಂದರೆ ಮುಗಿಯಿತು. ಪತ್ರ ಇಲ್ಲ. ನೋಟಿಸ್ ಇಲ್ಲ. ಹೋಟೆಲಿನವರೇ ಕೊಟ್ಟ ರೂಮಿನಲ್ಲಿ ಇದ್ದವನಾದರೆ ಅದೇ ರಾತ್ರಿ ಬ್ಯಾಗು ಕಟ್ಟಬೇಕು.

ಇದರಲ್ಲಿ ಅನ್ಯಾಯ ಆಗಿದೆಯೋ ಇಲ್ಲವೋ ಎಂದು ಜನ ವಾದ ಮಾಡುತ್ತಾರೆ. ಆದರೆ ಕಾರ್ಮಿಕ ಇಲಾಖೆಗೆ ಹೋದ ಮೇಲೆ ಜಗಳ ಆ ವಿಷಯಕ್ಕೆ ನಡೆಯುವುದೇ ಇಲ್ಲ. ಮಾಲೀಕರು ಅಲ್ಲಿ ಬಂದು ಹೇಳುವುದು ಎರಡೇ ಮಾತು. ಒಂದು, "ನಾವು ತೆಗೆದಿಲ್ಲ, ಅವನೇ ಬಿಟ್ಟು ಹೋದ." ಇನ್ನೊಂದು, "ಅವನು ನಮ್ಮಲ್ಲಿ ಕಾಯಂ ಇರಲೇ ಇಲ್ಲ, ಸೀಸನ್ನಿಗೆ ಬಂದವನು." ಈ ಎರಡಕ್ಕೆ ಉತ್ತರ ಇದ್ದವನ ಕೇಸು ನಿಲ್ಲುತ್ತದೆ, ಇಲ್ಲದವನದು ಬೀಳುತ್ತದೆ. ತೆಗೆದ ಕಾರಣ ಸರಿಯೋ ತಪ್ಪೋ ಅನ್ನುವುದು ಆಮೇಲಿನ ಮಾತು. ಎಷ್ಟೋ ಕೇಸು ಅಲ್ಲಿಯವರೆಗೆ ತಲುಪುವುದೂ ಇಲ್ಲ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೀನೂಟದ ಹೋಟೆಲಿನಲ್ಲಿ ಒಬ್ಬ ಸಪ್ಲೈಯರ್. ತಿಂಗಳಿಗೆ 16,000 ರೂಪಾಯಿ, ಊಟ, ರೂಮು. ನಾಲ್ಕು ಸೀಸನ್ ಕೆಲಸ ಮಾಡಿದ್ದಾನೆ. ಅಕ್ಟೋಬರ್‌ನಿಂದ ಮೇ ತನಕ ಇಲ್ಲಿ, ಮಳೆಗಾಲದಲ್ಲಿ ಊರಿಗೆ. ವಾರದ ರಜೆ ಕೇಳಿದ ಅಂತಲೋ, ಗಲ್ಲಾದಲ್ಲಿ ದುಡ್ಡು ಕಡಿಮೆ ಬಂತು ಅಂತಲೋ ಒಂದು ದಿನ ಅವನನ್ನು ಕಳಿಸಿದರು.

ಮೊದಲು "ಅವನೇ ಬಿಟ್ಟು ಹೋದ" ಅನ್ನುವ ಮಾತು ನೋಡೋಣ. ಸುಪ್ರೀಂ ಕೋರ್ಟ್ 1979ರಲ್ಲೇ ಜಿ.ಟಿ. ಲಾಡ್ ಪ್ರಕರಣದಲ್ಲಿ ಹೇಳಿದ್ದು ಏನೆಂದರೆ, ಕೆಲಸ ಬಿಟ್ಟು ಹೋಗುವುದು ಮನಸ್ಸಿನ ಉದ್ದೇಶಕ್ಕೆ ಸಂಬಂಧಿಸಿದ್ದು, ನಾಲ್ಕು ದಿನ ಬರಲಿಲ್ಲ ಅಂದ ಮಾತ್ರಕ್ಕೆ ಬಿಟ್ಟ ಅಂತ ಆಗುವುದಿಲ್ಲ. 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಗೈರುಹಾಜರಾದ ಅಂತ ಹೆಸರು ಹೊಡೆದು ಹಾಕುವ ಮುಂಚೆಯೂ ಅವನ ಮಾತು ಕೇಳಬೇಕು. ಅಂದರೆ ನಿಜವಾಗಿಯೂ ಬಿಟ್ಟು ಹೋದವನಿಗೆ ಮಾಲೀಕರು "ಯಾಕೆ ಬರುತ್ತಿಲ್ಲ, ಇಂಥ ದಿನದೊಳಗೆ ಬಾ" ಅಂತ ಒಂದು ಪತ್ರ ಹಾಕಿರಬೇಕು. ಹಾಕಿಲ್ಲದಿದ್ದರೆ "ಬಿಟ್ಟು ಹೋದ" ಅನ್ನುವುದು ಬರೀ ಮಾತು.

ಕೆಲಸಗಾರನ ಕಡೆಯಿಂದ ನೋಡಿದರೆ ಇದಕ್ಕೆ ಮದ್ದು ಬಹಳ ಅಗ್ಗದ್ದು, ಆದರೆ ಯಾರೂ ಮಾಡುವುದಿಲ್ಲ. ಮರುದಿನವೇ ಹೋಟೆಲಿನ ವಿಳಾಸಕ್ಕೆ ಒಂದು ಸ್ಪೀಡ್ ಪೋಸ್ಟ್. "ನಿನ್ನೆ ರಾತ್ರಿ ಇಷ್ಟು ಹೊತ್ತಿಗೆ ಇಂಥವರು ನನಗೆ ನಾಳೆಯಿಂದ ಬರಬೇಡ ಅಂದರು. ನಾನು ಕೆಲಸ ಬಿಟ್ಟಿಲ್ಲ. ಈಗಲೂ ಬರಲು ತಯಾರಿದ್ದೇನೆ." ಇಷ್ಟೇ ಸಾಕು, ಕನ್ನಡದಲ್ಲೇ, ಕೈಬರಹದಲ್ಲೇ. ವಾಟ್ಸಾಪಿನಲ್ಲೂ ಅದನ್ನೇ ಕಳಿಸಬೇಕು. ಈ ಕಾಗದ ಒಂದಿದ್ದರೆ ಆರು ತಿಂಗಳ ನಂತರ ಯಾರೂ "ಅವನೇ ಹೋದ" ಅನ್ನಲು ಬರುವುದಿಲ್ಲ. ಮರ್ಯಾದೆ, ಸಿಟ್ಟು, "ಅವರ ಹತ್ರ ಯಾಕೆ ಬೇಡಿಕೊಳ್ಳಲಿ" ಅನ್ನುವ ಬಿಂಕ ಇವೆಲ್ಲ ಅಡ್ಡ ಬರುತ್ತವೆ. ಆದರೆ ಅದು ಬೇಡಿಕೊಳ್ಳುವ ಪತ್ರ ಅಲ್ವಲ್ಲ, ಸಾಕ್ಷಿಯ ಪತ್ರ.

ಇದರ ಉಲ್ಟಾ ಕಾಗದಗಳೂ ಇವೆ. ಸೇರುವಾಗಲೇ ಬಿಳಿ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು. ಕೊನೆಯ ತಿಂಗಳ ಸಂಬಳ ಕೊಡುವಾಗ "ಲೆಕ್ಕ ಚುಕ್ತಾ, ನನ್ನದೇನೂ ಬಾಕಿ ಇಲ್ಲ, ಸ್ವಂತ ಇಚ್ಛೆಯಿಂದ ಬಿಟ್ಟಿದ್ದೇನೆ" ಅಂತ ಬರೆದ ವೋಚರಿಗೆ ಸಹಿ. ಸಂಬಳ ಬೇಕಾದರೆ ಸಹಿ ಹಾಕು ಅಂದಾಗ ಹಸಿದವನು ಹಾಕದೆ ಏನು ಮಾಡುತ್ತಾನೆ? ದುಡಿದ ದಿನಗಳ ಸಂಬಳಕ್ಕೂ ಈ ಸಹಿಗೂ ಸಂಬಂಧವೇ ಇಲ್ಲ. ತೆಗೆದರೂ, ತಾನೇ ಬಿಟ್ಟರೂ, ಬಾಕಿ ಸಂಬಳ 2 ಕೆಲಸದ ದಿನಗಳೊಳಗೆ ಕೈಸೇರಬೇಕು ಎಂದು ಈಗಿನ ವೇತನ ಸಂಹಿತೆ ಹೇಳುತ್ತದೆ. ಸಹಿ ಹಾಕಲೇಬೇಕಾಗಿ ಬಂದರೆ "ಇಷ್ಟು ದಿನದ ಸಂಬಳ ಮಾತ್ರ ಪಡೆದಿದ್ದೇನೆ" ಅಂತ ಸಹಿಯ ಮೇಲೆ ಬರೆಯುವುದು ಒಳ್ಳೆಯದು.

ಎರಡನೆಯದು ಕಷ್ಟದ್ದು. ನೀನು ಇಲ್ಲಿ ದುಡಿದೆ ಎನ್ನುವುದಕ್ಕೆ ಏನು ಪುರಾವೆ?

ಇದರಲ್ಲಿ ಎರಡು ತೀರ್ಪು ಮುಖ್ಯ, ಎರಡೂ ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದವು. 2002ರ ಎಸ್.ಟಿ. ಹಾದಿಮನಿ ಪ್ರಕರಣದಲ್ಲಿ ಕೋರ್ಟ್ ಹೇಳಿತು: ವರ್ಷದಲ್ಲಿ 240 ದಿನ (ಕಾನೂನಿನ ಈ ಗೆರೆಯ ಲೆಕ್ಕ ಮುಂದೆ ಬರುತ್ತದೆ) ಕೆಲಸ ಮಾಡಿದ್ದೇನೆ ಎಂದು ಸಾಬೀತು ಮಾಡುವ ಭಾರ ಕೆಲಸಗಾರನ ಮೇಲೇ ಇದೆ, ಬರೀ ಅವನ ಅಫಿಡವಿಟ್ ಸಾಲದು. ಇದು ಕೆಲಸಗಾರರಿಗೆ ದೊಡ್ಡ ಪೆಟ್ಟು. ಯಾಕೆಂದರೆ ಹಾಜರಿ ಪುಸ್ತಕ ಇರುವುದು ಮಾಲೀಕರ ಕಪಾಟಿನಲ್ಲಿ, ಸಾಬೀತು ಮಾಡಬೇಕಾದವನು ಹೊರಗೆ ನಿಂತವನು. ಮೂರು ವರ್ಷಗಳ ನಂತರ, 2005ರಲ್ಲಿ, ಆರ್.ಎಂ. ಯಲ್ಲಟ್ಟಿ ಪ್ರಕರಣದಲ್ಲಿ ಇದನ್ನು ಸ್ವಲ್ಪ ಸಡಿಲ ಮಾಡಿದರು. ಭಾರ ಅವನ ಮೇಲೆಯೇ ಇದೆ, ಆದರೆ ದಿನಗೂಲಿಯವರ ಹತ್ತಿರ ನೇಮಕ ಪತ್ರ, ಸಂಬಳ ಚೀಟಿ ಎಲ್ಲ ಇರುವುದಿಲ್ಲ ಅನ್ನುವುದು ಗೊತ್ತಿರುವ ಸಂಗತಿ, ಅವನು ಕಟಕಟೆಗೆ ಬಂದು ಹೇಳಿಕೆ ಕೊಟ್ಟು, ಹಾಜರಿ ಮತ್ತು ಸಂಬಳದ ಪುಸ್ತಕ ತರಿಸಿ ಎಂದು ಕೋರ್ಟನ್ನು ಕೇಳಬಹುದು ಅಂದರು. ತರಿಸಿ ಎಂದು ಕೇಳಬೇಕು, ಅದೇ ಮುಖ್ಯ. ಕೇಳದಿದ್ದರೆ ಕೋರ್ಟ್ ತಾನಾಗಿ ಹುಡುಕುವುದಿಲ್ಲ.

ಕೆಲಸಗಾರನ ಕೈಯಲ್ಲೇ ಇರುವ ಪುರಾವೆಗಳೂ ಈಗ ಮುಂಚಿನಷ್ಟು ಕಡಿಮೆ ಇಲ್ಲ. ಫೋನ್‌ಪೇ, ಗೂಗಲ್‌ಪೇಯಲ್ಲಿ ಬಂದ ಸಂಬಳ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಳಿಸಿದವರ ಹೆಸರಿನ ಸಮೇತ ಇರುತ್ತದೆ. ಹೋಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ "ನಾಳೆ ಬೆಳಿಗ್ಗೆ ಡ್ಯೂಟಿ ಯಾರದು" ಎಂಬ ಮೆಸೇಜುಗಳಿರುತ್ತವೆ. ಕೆಲಸದಿಂದ ತೆಗೆದ ದಿನ ಮೊದಲು ಮಾಡುವ ಕೆಲಸವೇ ಗ್ರೂಪಿನಿಂದ ಹೊರಗೆ ಹಾಕುವುದು, ಹಾಗಾಗಿ ಸ್ಕ್ರೀನ್‌ಶಾಟ್ ಮುಂಚೆಯೇ ಇರಲಿ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಹೋಟೆಲಾದರೆ ಪಿಎಫ್ ಕಟ್ಟಬೇಕು, ಕಟ್ಟಿದ್ದರೆ ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳಿನ ಲೆಕ್ಕ ಇರುತ್ತದೆ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಅಡುಗೆಯವರು, ಸಪ್ಲೈಯರುಗಳು, ಆಹಾರ ಮುಟ್ಟುವ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಸರ್ಟಿಫಿಕೇಟ್ ಹೋಟೆಲಿನಲ್ಲಿ ಇರಬೇಕು. ಲೈಸೆನ್ಸಿಗಾಗಿ ಮಾಡಿಸಿಟ್ಟ ಆ ಸರ್ಟಿಫಿಕೇಟಿನಲ್ಲಿ ಇವನ ಹೆಸರಿದ್ದರೆ "ಇವನು ಯಾರೋ ಗೊತ್ತಿಲ್ಲ" ಅನ್ನುವ ಹಾಗಿಲ್ಲ.

ನಿಜ ಹೇಳಬೇಕೆಂದರೆ ಈ ಪತ್ತೇದಾರಿಕೆ ಬೇಕಾಗಲೇಬಾರದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಹೋಟೆಲು, ಖಾನಾವಳಿ, ಕೆಫೆ ಎಲ್ಲ ಅದರೊಳಗೆ ಬರುತ್ತವೆ. ಸೇರಿದ 30 ದಿನದೊಳಗೆ ನೇಮಕ ಆದೇಶ ಕೊಡಬೇಕು ಎಂದು ಅದರ 6ಎ ಕಲಂ ಹೇಳುತ್ತದೆ. ಎಷ್ಟು ಹೋಟೆಲಿನಲ್ಲಿ ಕೊಟ್ಟಿದ್ದಾರೆ, ನೀವೇ ಯೋಚಿಸಿ.

ಈಗ ನಮ್ಮ ಕರಾವಳಿಗೇ ಸೇರಿದ ಲೆಕ್ಕಕ್ಕೆ ಬರೋಣ. ಸೀಸನ್ನಿನ ಲೆಕ್ಕ.

ಓಂ ಬೀಚು, ಕುಡ್ಲೆ ಬೀಚಿನ ಕೆಫೆಗಳು ಮಳೆಗಾಲದಲ್ಲಿ ಬಾಗಿಲು ಹಾಕುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ತಾಜಾ ಮೀನು ಕಡಿಮೆ, ಪ್ರವಾಸಿಗರೂ ಕಡಿಮೆ. ಊರೊಳಗಿನ ಮೀನೂಟದ ಹೋಟೆಲುಗಳು ತೆರೆದೇ ಇದ್ದರೂ ಅರ್ಧ ಜನರನ್ನು ಕಳಿಸುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ, ಕೆಲಸಗಾರರೂ ಒಪ್ಪಿಕೊಂಡದ್ದೇ. ತಕರಾರು ಹುಟ್ಟುವುದು ಅಕ್ಟೋಬರಿನಲ್ಲಿ, ವಾಪಸ್ ಬಂದವನಿಗೆ "ಈ ಸಲ ಬೇರೆಯವರು ಇದ್ದಾರೆ" ಅಂದಾಗ.

ಕೆಲಸದಿಂದ ತೆಗೆಯುವ ದಿನದಿಂದ ಹಿಂದಕ್ಕೆ 12 ತಿಂಗಳು ಎಣಿಸಿ, ಅದರಲ್ಲಿ 240 ದಿನ ದುಡಿದಿದ್ದರೆ ಒಂದು ವರ್ಷದ ಸತತ ಸೇವೆ ಎಂದು ಕಾನೂನು ಲೆಕ್ಕ ಹಿಡಿಯುತ್ತದೆ. ಅಷ್ಟಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಪರಿಹಾರ ಕೊಡದೆ ಕೆಲಸ ಕಡಿತ ಮಾಡುವಂತಿಲ್ಲ. ಈಗ ಅಕ್ಟೋಬರ್ 1ರಿಂದ ಮೇ 31ರವರೆಗೆ ಎಣಿಸಿ ನೋಡಿ. 243 ದಿನ. ನಮ್ಮ ಸೀಸನ್ನು ಕಾನೂನಿನ ಗೆರೆಯನ್ನು ಮೂರೇ ದಿನದಲ್ಲಿ ದಾಟುತ್ತದೆ!

ಅಕ್ಟೋಬರ್ 5ಕ್ಕೆ ಕರೆಸಿಕೊಂಡರೆ ದಾಟುವುದಿಲ್ಲ. ಮೇ 25ಕ್ಕೆ ಕಳಿಸಿದರೂ ದಾಟುವುದಿಲ್ಲ. ಕೆಲವರು ಇದನ್ನು ತಿಳಿದೇ ಮಾಡುತ್ತಾರೆ, ಹೆಚ್ಚಿನವರು ಗೊತ್ತಿಲ್ಲದೆ. ವಾರದ ರಜೆಯ ಪ್ರಶ್ನೆಯೂ ಇಲ್ಲೇ ಬಂದು ಕೂರುತ್ತದೆ. ಎಂಟು ತಿಂಗಳಲ್ಲಿ 34 ವಾರದ ರಜೆ ಕಳೆದರೆ ಉಳಿಯುವುದು 209. ಆಗ ಕೇಸು ಬಿದ್ದಂತೆಯೇ. ಆದರೆ ಸಂಬಳ ಸಹಿತ ಭಾನುವಾರ ಮತ್ತು ರಜಾದಿನಗಳನ್ನೂ 240ರಲ್ಲಿ ಸೇರಿಸಬೇಕು ಎಂದು 1985ರ ಅಮೆರಿಕನ್ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಸಪ್ಲೈಯರಿಗೆ ತಿಂಗಳ ಸಂಬಳ, ವಾರದ ರಜೆಗೆ ಕಡಿತ ಇಲ್ಲ, ಹಾಗಾಗಿ ರಜೆಯೂ ಲೆಕ್ಕಕ್ಕೆ. ವಾರದ ರಜೆಯನ್ನೇ ಕೊಡದೆ ದುಡಿಸಿದ್ದರೆ ಇನ್ನೂ ಸರಳ, 243 ದಿನವೂ ದುಡಿಮೆಯೇ. ಅಂದರೆ ರಜೆ ಕೊಡದ ಮಾಲೀಕರೇ ಅವನ ಲೆಕ್ಕವನ್ನು ಭದ್ರ ಮಾಡಿಕೊಟ್ಟಿರುತ್ತಾರೆ.

240 ಮುಟ್ಟದವರು ಕೈ ಚೆಲ್ಲಬೇಕಾಗಿಲ್ಲ. ಇದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಎಲ್ಲರೂ 240ರ ಹಿಂದೆಯೇ ಬೀಳುತ್ತಾರೆ. ಅದೇ 1961ರ ರಾಜ್ಯ ಕಾಯ್ದೆಯ 39ನೇ ಕಲಂ ಪ್ರಕಾರ 6 ತಿಂಗಳು ಸತತ ಕೆಲಸ ಮಾಡಿದವನನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ಎಂಟು ತಿಂಗಳ ಸೀಸನ್ ದುಡಿದವನು ಇದರೊಳಗೆ ಆರಾಮಾಗಿ ಬರುತ್ತಾನೆ. ದುರ್ನಡತೆಗೆ ತೆಗೆದರೆ ನೋಟಿಸ್ ಬೇಡ, ಆದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ಇದರ ಮೇಲ್ಮನವಿಗೆ ಬೇರೆ ದಾರಿ, ಬೇರೆ ಪ್ರಾಧಿಕಾರ ಇದೆ. ಎರಡು ದಾರಿಯಲ್ಲಿ ಯಾವುದು ಹಿಡಿಯಬೇಕು ಅನ್ನುವುದನ್ನು ಮೊದಲೇ ವಕೀಲರ ಹತ್ತಿರ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ನಾಲ್ಕು ಸೀಸನ್ನನ್ನು ನಾಲ್ಕು ವರ್ಷ ಎಂದು ಒಪ್ಪಿದರೆ, ನೋಟಿಸಿನ ಬದಲು 16,000, ವರ್ಷಕ್ಕೆ ಅರ್ಧ ತಿಂಗಳಿನಂತೆ 32,000. ಒಟ್ಟು 48,000 ರೂಪಾಯಿ. ಡಿಸೆಂಬರಿನ ಕೊನೆ ವಾರದಲ್ಲಿ ಒಂದು ಒಳ್ಳೆ ಹೋಟೆಲಿನ ವ್ಯಾಪಾರ ನೋಡಿದವರಿಗೆ ಇದು ದೊಡ್ಡ ಮೊತ್ತ ಅನ್ನಿಸುವುದಿಲ್ಲ. ಇಷ್ಟು ಕೊಟ್ಟು ಕಾಗದದ ಮೇಲೆ ಕಳಿಸಿದ್ದರೆ ಕೇಸೇ ಇರುತ್ತಿರಲಿಲ್ಲ. ಕೊಡದೆ ಕಳಿಸಿದರೆ ಆ ಕಡಿತವೇ ಕಾನೂನುಬಾಹಿರ. ಆಗ ಪ್ರಶ್ನೆ 48,000ದ್ದಲ್ಲ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದು ಮತ್ತು ಮಧ್ಯದ ವರ್ಷಗಳ ಸಂಬಳದ್ದು. 2013ರ ದೀಪಾಲಿ ಗುಂಡು ಸುರ್ವಾಸೆ ತೀರ್ಪು ಇದನ್ನೇ ಸಾಮಾನ್ಯ ನಿಯಮ ಎಂದಿದೆ. ಆದರೆ ಆ ಮಧ್ಯೆ ಬೇರೆ ಕಡೆ ದುಡಿಯುತ್ತಿರಲಿಲ್ಲ ಎಂದು ಕೆಲಸಗಾರ ಹೇಳಬೇಕು. ಹೋಟೆಲ್ ಕೆಲಸದವನು ಎಷ್ಟು ದಿನ ಸುಮ್ನೆ ಕೂರುತ್ತಾನೆ? ಮುಂದಿನ ವಾರ ಕುಮಟಾದಲ್ಲೋ ಹೊನ್ನಾವರದಲ್ಲೋ ಸೇರಿಕೊಂಡಿರುತ್ತಾನೆ. ಹಳೆ ಸಂಬಳದ ಲೆಕ್ಕ ಅಲ್ಲಿಗೆ ಇಳಿಯುತ್ತದೆ. ಮತ್ತೆ ಅದೇ ಹೋಟೆಲಿಗೆ ಹೋಗಿ ಅದೇ ಮುಖ ನೋಡಲು ಅವನಿಗೂ ಮನಸ್ಸಿರುವುದಿಲ್ಲ. ಹಾಗಾಗಿ ಕೋರ್ಟುಗಳು ಒಟ್ಟು ಇಷ್ಟು ಪರಿಹಾರ ಅಂತ ಕೊಟ್ಟು ಮುಗಿಸುವುದೂ ಉಂಟು.

ಮಾಲೀಕರ ಕಡೆಯ ಮಾತೂ ಪೂರ್ತಿ ಸುಳ್ಳಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಹೆದ್ದಾರಿಯ ಗಿರಾಕಿಯನ್ನೇ ನಂಬಿದ ಹೋಟೆಲಿಗೆ ಇಂಥ ವರ್ಷದಲ್ಲಿ ಹತ್ತು ಜನರನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಕಾನೂನು ಇಟ್ಟುಕೋ ಎಂದೂ ಹೇಳುವುದಿಲ್ಲ. ವ್ಯಾಪಾರ ಇಲ್ಲದಿದ್ದರೆ ಕಡಿತ ಮಾಡಬಹುದು, ಸಾಮಾನ್ಯವಾಗಿ ಕೊನೆಗೆ ಸೇರಿದವನನ್ನು ಮೊದಲು ಕಳಿಸಬೇಕು, ಹಣ ಕೊಡಬೇಕು, ಮತ್ತೆ ಜನ ಬೇಕಾದಾಗ ಹಳಬರಿಗೆ ಮೊದಲ ಅವಕಾಶ ಕೊಡಬೇಕು. ಕಳ್ಳತನದ ವಿಷಯದಲ್ಲೂ ಹಾಗೆಯೇ. ನಿಜವಾಗಿ ಗಲ್ಲಾಕ್ಕೆ ಕೈ ಹಾಕಿದವನನ್ನು ತೆಗೆಯಲು ಯಾರೂ ಅಡ್ಡ ಬರುವುದಿಲ್ಲ. ಆರೋಪವನ್ನು ಬರೆದು ಕೊಡಿ, ಉತ್ತರ ತೆಗೆದುಕೊಳ್ಳಿ, ಸಿಸಿಟಿವಿ ಇದ್ದರೆ ತೆಗೆದಿಟ್ಟುಕೊಳ್ಳಿ. ವಿಚಾರಣೆ ಮಾಡದೆ ತೆಗೆದ ಮಾಲೀಕರಿಗೂ ಕಾರ್ಮಿಕ ನ್ಯಾಯಾಲಯದಲ್ಲಿ ಹೊಸದಾಗಿ ಸಾಕ್ಷ್ಯ ಕೊಟ್ಟು ಆರೋಪ ಸಾಬೀತು ಮಾಡುವ ಅವಕಾಶವನ್ನು 1973ರ ಫೈರ್‌ಸ್ಟೋನ್ ತೀರ್ಪು ಉಳಿಸಿದೆ. ಆದರೆ ಸಿಸಿಟಿವಿ ದೃಶ್ಯ ಕೆಲವೇ ವಾರದಲ್ಲಿ ಅಳಿದು ಹೋಗಿರುತ್ತದೆ, ಸಾಕ್ಷಿ ಹೇಳಬೇಕಾದ ಕ್ಯಾಶಿಯರ್ ಬೇರೆ ಊರಿಗೆ ಹೋಗಿರುತ್ತಾನೆ. "ಪೊಲೀಸರಿಗೆ ಕೊಡುತ್ತೇನೆ" ಎಂದು ಹೆದರಿಸಿ ಸಂಬಳ ಹಿಡಿದಿಟ್ಟುಕೊಳ್ಳುವುದು ಮಾತ್ರ ವಿಚಾರಣೆ ಅಲ್ಲ.

ದೂರು ಕೊಡುವ ಜಾಗ ಕಾರ್ಮಿಕ ಇಲಾಖೆ. ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿ ಕಾರವಾರದಲ್ಲಿದೆ. ಅಲ್ಲಿ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ. ಅರ್ಜಿ ಕೊಟ್ಟು 45 ದಿನ ಕಳೆದರೂ ಇತ್ಯರ್ಥ ಆಗದಿದ್ದರೆ ಕೆಲಸಗಾರ ನೇರವಾಗಿ ಕೋರ್ಟಿಗೆ ಹೋಗಬಹುದು. ಯೂನಿಯನ್ ಬೇಕು, ಸರ್ಕಾರದ ಅಪ್ಪಣೆ ಬೇಕು ಎಂದೇನೂ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಇದಕ್ಕೆ 2 ವರ್ಷದ ಗಡುವು ಇದೆ. ಹಳೆಯ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ 2010ರ ತಿದ್ದುಪಡಿಯ ನಂತರ 3 ವರ್ಷ ಇತ್ತು. ಕೇಳಿಸಿಕೊಂಡದ್ದು ಮೂರು ವರ್ಷ ಅಂತ ನಂಬಿ ಕೂತವರು ಇದನ್ನು ಗಮನಿಸಬೇಕು.

ಕೋರ್ಟು ಅಂದರೆ ಹುಬ್ಬಳ್ಳಿ. ಅಲ್ಲೇ ತೊಡಕು. ಕಾರವಾರದಿಂದ ಅಂಕೋಲೆ ದಾಟಿ, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದ ಮೇಲೆ 150 ಕಿಲೋಮೀಟರಿಗೂ ಜಾಸ್ತಿ. ಒಂದು ತಾರೀಖಿಗೆ ಒಂದು ಇಡೀ ದಿನ, ಅಂದಿನ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. 48,000ಕ್ಕಾಗಿ ಇಷ್ಟು ಓಡಾಡಲು ಆಗದೆ ಅರ್ಧದಲ್ಲಿ ಬಿಡುವವರಿದ್ದಾರೆ, ಮಾಲೀಕರ ಕಡೆಯ ವಕೀಲರಿಗೂ ಅದು ಗೊತ್ತು. ಅದಕ್ಕೇ ನನಗನಿಸುವುದು, ಕಾರವಾರದ ಆ 45 ದಿನವೇ ನಿಜವಾದ ಆಟ. ಕಾಗದ ಗಟ್ಟಿಯಾಗಿದ್ದರೆ ರಾಜಿಯ ಮೊತ್ತ ಅಲ್ಲೇ ಏರುತ್ತದೆ. ವಕೀಲರ ಫೀಸಿನ ಚಿಂತೆ ಇದ್ದವರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 1987ರ ಆ ಕಾಯ್ದೆಯ 12ನೇ ಕಲಂನಲ್ಲಿ ಉಚಿತ ನೆರವಿಗೆ ಅರ್ಹರ ಪಟ್ಟಿ ಇದೆ, ಅದರಲ್ಲಿ ಮಹಿಳೆಯರ ಜೊತೆ ಕೈಗಾರಿಕಾ ಕಾರ್ಮಿಕರೂ ಇದ್ದಾರೆ.

ರಾಜ್ಯದ ಗಡಿ ದಾಟಿ ಕಾಣಕೋಣ, ಪಾಳೊಳೆಂ ಕಡೆ ಕೆಲಸಕ್ಕೆ ಹೋಗುವ ಸದಾಶಿವಗಡ, ಮಾಜಾಳಿಯ ಹುಡುಗರಿಗೆ ಒಂದು ಮಾತು. ನಿಮ್ಮ ಮನೆ ಕರ್ನಾಟಕದಲ್ಲಿದ್ದರೂ ಹೋಟೆಲು ಗೋವಾದಲ್ಲಿ. ಇಲ್ಲಿನ 39ನೇ ಕಲಂ ಅಲ್ಲಿ ನಡೆಯುವುದಿಲ್ಲ, ಅಲ್ಲಿಗೆ ಅಲ್ಲಿನದೇ ಅಂಗಡಿ ಕಾಯ್ದೆ, ದೂರೂ ಅಲ್ಲಿಯೇ.

ಹೊಸ ಸಂಹಿತೆಯಿಂದ ಮುಂದಿನ ಸೀಸನ್ನಿಗೆ ಒಂದು ಬದಲಾವಣೆ ಬರುವ ಲಕ್ಷಣ ಇದೆ. ನಿಗದಿತ ಅವಧಿಯ ನೇಮಕಕ್ಕೆ ಅದು ಸ್ಪಷ್ಟ ಜಾಗ ಕೊಟ್ಟಿದೆ. ಅಕ್ಟೋಬರ್ 1ರಿಂದ ಮೇ 31 ಎಂದು ಬರೆದ ಕರಾರು ಮುಗಿದರೆ ಅದು ಕೆಲಸ ಕಡಿತ ಅಲ್ಲ, ನೋಟಿಸೂ ಇಲ್ಲ, ವರ್ಷಕ್ಕೆ 15 ದಿನದ ಪರಿಹಾರವೂ ಇಲ್ಲ. ಬುದ್ಧಿವಂತ ಮಾಲೀಕರು ಈ ದಾರಿ ಹಿಡಿಯುತ್ತಾರೆ, ಹಿಡಿಯಲೂ ಬಹುದು. ಆದರೆ ಕರಾರು ಬರಹದಲ್ಲೇ ಇರಬೇಕು, ಕಾಯಂ ಕೆಲಸಗಾರನಿಗೆ ಇರುವ ಸಂಬಳ ಸವಲತ್ತು ಇವನಿಗೂ ಸಿಗಬೇಕು. ಬಾಯಿಮಾತಲ್ಲಿ ಇಟ್ಟುಕೊಂಡು ಆಮೇಲೆ "ಸೀಸನ್ ಕರಾರು" ಅನ್ನುವಂತಿಲ್ಲ. ಅಂಥ ಕಾಗದ ಮುಂದಿಟ್ಟರೆ ಸಹಿ ಹಾಕುವ ಮುಂಚೆ ನಾಲ್ಕು ಜಾಗ ನೋಡಿಕೊಳ್ಳಿ: ಶುರುವಾಗುವ ತಾರೀಖು ನೀವು ನಿಜವಾಗಿ ಸೇರಿದ ದಿನವೇ, ಹಿಂದಿನ ಸೀಸನ್‌ಗಳ ಹಕ್ಕು ಬಿಟ್ಟಿದ್ದೇನೆ ಎಂಬ ಸಾಲು ಎಲ್ಲಾದರೂ ನುಸುಳಿದೆಯೇ, ಸಂಬಳದಲ್ಲಿ ಊಟ ರೂಮಿನ ಹೆಸರಲ್ಲಿ ಎಷ್ಟು ಕಡಿತ, ಖಾಲಿ ಬಿಟ್ಟ ಜಾಗ ಇದೆಯೇ. ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಕೊಡಲ್ಲ ಅಂದರೆ ಸಹಿ ಮಾಡುವ ಮುಂಚೆ ಫೋನಿನಲ್ಲಿ ಎರಡೂ ಪುಟದ ಫೋಟೋ ತೆಗೆದುಕೊಂಡು ಮನೆಯವರ ನಂಬರಿಗೆ ಕಳಿಸಿಬಿಡಿ.